ಹೋಗುವ ಬಸ್ಸು ಇದೆ, ಬರುವ ಬಸ್ಸು?

ಇದು ಮಾನವ ಕಳ್ಳಸಾಗಣೆಯ ಬಗ್ಗೆ ಗದಗಿನ ಒಂದು ಕಾಲೇಜಿನಲ್ಲಿ ನಾನು ಆಡಿದ ಮಾತು. ಡಿಗ್ರಿ ಕೊನೆಯ ವರ್ಷದ ಮಕ್ಕಳಿದ್ದರು, ಕೆಲವರ ತಂದೆತಾಯಿ ಇದ್ದರು, ಹಿಂದಿನ ಸಾಲಿನಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೂತಿದ್ದರು. ಬರೆದು ಕೊಡ್ರಿ ಅಂತ ಅಲ್ಲಿನ ಮಾಸ್ತರು ಬೆನ್ನು ಬಿದ್ದಿದ್ದಕ್ಕೆ ಬರೆದಿದ್ದೇನೆ. ಹೆಚ್ಚುಕಡಿಮೆ ಮಾತಾಡಿದ ಹಾಗೆಯೇ ಇದೆ. ಎರಡು ಕಡೆ ನನ್ನ ಸಿಟ್ಟು ಮಾತ್ರ ಸ್ವಲ್ಪ ಇಳಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಸಂಜೆ ಹೊತ್ತು ನಮ್ಮ ಬಸ್‌ಸ್ಟ್ಯಾಂಡಿಗೆ ಹೋಗಿ ಒಂದು ತಾಸು ಸುಮ್ನೆ ನಿಂತು ನೋಡಿ. ಮಂಗಳೂರು ಬಸ್ಸು, ಗೋವಾ ಬಸ್ಸು, ಬೆಂಗಳೂರು ಬಸ್ಸು. ಜೋಳದ ಹಿಟ್ಟಿನ ಚೀಲ, ಖಡಕ್ ರೊಟ್ಟಿಯ ಗಂಟು, ಪ್ಲಾಸ್ಟಿಕ್ ಕೊಡ, ಚಾದರದಲ್ಲಿ ಸುತ್ತಿದ ಪಾತ್ರೆ, ಅದರ ಮೇಲೆ ನಿದ್ದೆಗಣ್ಣಲ್ಲಿ ಕೂತ ಕೂಸು. ಗುಳೆ ಹೊರಟವರು. ನಿಮ್ಮಲ್ಲಿ ಅರ್ಧ ಜನರ ಮನೆಯಿಂದ ಯಾರಾದರೂ ಒಬ್ಬರು ಹೀಗೆ ಹೋಗಿರುತ್ತಾರೆ. ನಮ್ಮ ಮನೆಯಿಂದಲೂ ಹೋಗಿದ್ದಾರೆ. ನಮ್ಮಪ್ಪ ಗೋವಾದಲ್ಲಿ ಗಾರೆ ಕೆಲಸ ಮಾಡಿದ್ದಕ್ಕೇ ನಾನು ಕರಿ ಕೋಟು ಹಾಕಿದ್ದು.

ಅದಕ್ಕೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಊರು ಬಿಟ್ಟು ಹೋಗಬೇಡಿ ಅಂತ ಹೇಳೋಕೆ ನಾನು ಬಂದಿಲ್ಲ. ಈ ವಿಷಯದ ಮೇಲೆ ನಡೆಯುವ ಎಷ್ಟೋ ಕಾರ್ಯಕ್ರಮಗಳು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ, ಅದರಲ್ಲೂ ಹುಡುಗಿಯರಿಗೆ. ಹೊರಗೆ ಹೋದರೆ ಮೋಸ ಆಗುತ್ತದೆ, ಮನೆಯಲ್ಲೇ ಇರವ್ವ ಅಂತ. ಮನೆಯಲ್ಲೇ ಇದ್ದರೆ ಹದಿನೇಳಕ್ಕೇ ಮದುವೆ ಮಾಡುತ್ತಾರೆ, ಅದು ಯಾವ ಲೆಕ್ಕ? ಹೋಗಬೇಕು. ದುಡಿಯಬೇಕು. ಆದರೆ ಹೋದ ದಾರಿಯಲ್ಲೇ, ಬೇಡ ಅನಿಸಿದ ದಿನ, ಯಾರ ಅಪ್ಪಣೆಯೂ ಬೇಡದೆ ತಿರುಗಿ ಬರೋಕೆ ಆಗಬೇಕು. ನಾನು ಇವತ್ತು ಏನೇ ಹೇಳಿದರೂ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ಮಾನವ ಕಳ್ಳಸಾಗಣೆ ಅನ್ನುವ ಪದ ಇದೆಯಲ್ಲ, ಅದೇ ನಮ್ಮನ್ನು ದಾರಿ ತಪ್ಪಿಸುತ್ತದೆ ಅಂತ ನನಗೆ ಬಹಳ ಸಲ ಅನಿಸಿದೆ. ಗಂಧದ ಕಟ್ಟಿಗೆ ಕಳ್ಳಸಾಗಣೆ, ಮರಳು ಕಳ್ಳಸಾಗಣೆ. ಕೇಳಿದ ಕೂಡಲೇ ಕಣ್ಣ ಮುಂದೆ ಬರುವುದು ರಾತ್ರಿ ಹೊತ್ತು, ಲಾರಿ, ಮೇಲೆ ಹೊದೆಸಿದ ತಾಡಪತ್ರಿ. ನಾನು ನೋಡಿದ ಒಂದು ಕೇಸಿನಲ್ಲೂ ತಾಡಪತ್ರಿ ಇರಲಿಲ್ಲ. ಹಾಡುಹಗಲು, ಸರ್ಕಾರಿ ಬಸ್ಸು, ದುಡ್ಡು ಕೊಟ್ಟು ತೆಗೆಸಿದ ಟಿಕೆಟ್. ಕರೆದುಕೊಂಡು ಹೋದವರು ಗುರುತಿನವರು. ಬಸ್ ಹತ್ತಿಸೋಕೆ ಅವ್ವನೇ ಬಂದಿರುತ್ತಾಳೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬುತ್ತಿ ಗಂಟು ಕೈಗೆ ಕೊಟ್ಟಿರುತ್ತಾಳೆ. ಇದರಲ್ಲಿ ಕಳ್ಳ ಯಾರು, ಸಾಗಣೆ ಯಾವುದು?

ನಮ್ಮ ಚಿಗವ್ವನ ಮಗಳ ಕಥೆ ಹೇಳುತ್ತೇನೆ. ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಬೇಡ ಅಂದಿದ್ದಾಳೆ.

2003ರ ಬರ ದೊಡ್ಡವರಿಗೆ ನೆನಪಿರುತ್ತದೆ. ಮೂರು ವರ್ಷ ಸರಿಯಾಗಿ ಮಳೆಯೇ ಇರಲಿಲ್ಲ, ದನ ಮಾರಿದರು, ಆಮೇಲೆ ಕಿವಿಯಲ್ಲಿದ್ದದ್ದನ್ನೂ ಮಾರಿದರು. ಅವಳಿಗೆ ಆಗ ಹದಿಮೂರು. ಸಂಬಂಧದಲ್ಲಿ ಅತ್ತಿ ಆಗಬೇಕಾದವಳು ಒಬ್ಬಳು ಬಂದು, ಬೆಂಗಳೂರಿನಲ್ಲಿ ಒಳ್ಳೆ ಮನೆ ಇದೆ, ಕೂಸು ಆಡಿಸುವ ಕೆಲಸ, ಊಟ ಬಟ್ಟೆ ಅವರದೇ, ತಿಂಗಳಿಗೆ ಆರುನೂರು, ಆ ದುಡ್ಡು ಅವರ ಹತ್ತಿರವೇ ಜಮಾ ಇರಲಿ, ಮದುವೆ ಹೊತ್ತಿಗೆ ಒಮ್ಮೆಗೇ ಕೊಡುತ್ತಾರೆ ಅಂದಳು. ಚಿಗವ್ವನಿಗೆ ಅದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ಕಾಣಬೇಕಾದರೂ ಯಾಕೆ? ಹೊಟ್ಟೆಗೆ ಊಟ ಮತ್ತು ಮದುವೆಗೆ ದುಡ್ಡು, ಆ ವರ್ಷ ನಮ್ಮ ಊರಿನಲ್ಲಿ ಈ ಎರಡನ್ನೂ ಕೊಡುವ ಮಾತಾಡಿದವಳು ಅವಳೊಬ್ಬಳೇ.

ನಾಲ್ಕು ವರ್ಷ ಇದ್ದಳು. ಕೂಸು ಆಡಿಸುವ ಕೆಲಸದ ಜೊತೆಗೆ ಭಾಂಡೆ, ಬಟ್ಟೆ, ಆಮೇಲೆ ಅವರ ಅತ್ತೆಯ ಮೈ ಒರೆಸುವ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದು. ನಾಲ್ಕು ವರ್ಷದಲ್ಲಿ ಊರಿಗೆ ಬಂದದ್ದು ಒಮ್ಮೆ, ಅದೂ ಅಜ್ಜ ತೀರಿಕೊಂಡಾಗ ಎರಡು ದಿನ. ಕೊನೆಗೆ ಬಿಟ್ಟು ಬಂದಾಗ ಲೆಕ್ಕ ಆಯಿತು. ನಾಲ್ಕು ವರ್ಷಕ್ಕೆ 28,800 ಆಗಬೇಕಿತ್ತು. ಬಟ್ಟೆ, ಔಷಧಿ, ಒಡೆದ ಸಾಮಾನು ಅಂತ ಮುರಿದುಕೊಂಡು 9,000 ಕೊಟ್ಟರು, ಜೊತೆಗೆ ಒಂದು ಜೊತೆ ಬೆಂಡೋಲೆ. ಆ ಬೆಂಡೋಲೆ ಆಮೇಲೆ ನೋಡಿದರೆ ಬಂಗಾರದ್ದೂ ಅಲ್ಲ.

ನಾನು ಕಾನೂನು ಓದಿ ಬಂದ ಮೇಲೆ ಒಂದು ದಿನ ಬಹಳ ಸಿಟ್ಟಿನಿಂದ ಅವಳ ಮುಂದೆ ಕೂತು, ನಿನಗೆ ಆಗಿದ್ದು ಏನು ಗೊತ್ತಾ ಅಂತ ಶುರು ಮಾಡಿದೆ. ಅವಳು ನಕ್ಕಳು. "ಅವರೇನು ಕೆಟ್ಟವರಲ್ಲವ್ವಾ, ನನಗ ಒಂದಿನಾನೂ ಹೊಡೀಲಿಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಹೊರಗಿನ ಗೇಟಿನ ಕೀಲಿ ನನ್ನ ಕೈಯಾಗ ಎಂದೂ ಕೊಡಲಿಲ್ಲ" ಅಂದಳು.

ಹೊಡೆದರಾ ಇಲ್ವಾ, ಬೈದರಾ ಇಲ್ವಾ, ಊಟ ಹಾಕಿದರಾ ಅಂತ ನಾವೆಲ್ಲ ಕೇಳುತ್ತೇವೆ. ಪೊಲೀಸರೂ ಅದನ್ನೇ ಕೇಳುತ್ತಾರೆ. ಕೀಲಿ ಯಾರ ಹತ್ತಿರ ಇತ್ತು ಅಂತ ಕೇಳುವವರು ಕಡಿಮೆ.

ಕಾನೂನು ಈಗ ಇದನ್ನು ಹೇಗೆ ನೋಡುತ್ತದೆ ಅಂತ ಬೇಗ ಹೇಳುತ್ತೇನೆ, ನಿದ್ದೆ ಮಾಡಬೇಡಿ. 2000ದಲ್ಲಿ ವಿಶ್ವಸಂಸ್ಥೆಯಲ್ಲಿ ಒಂದು ಒಪ್ಪಂದ ಆಯಿತು, ಇಟಲಿಯ ಪಲೆರ್ಮೊ ಊರಿನ ಹೆಸರು ಅದಕ್ಕೆ ಅಂಟಿಕೊಂಡಿದೆ, ಭಾರತ 2011ರಲ್ಲಿ ಅದನ್ನು ಒಪ್ಪಿಕೊಂಡಿತು. ಅದು ಕೇಳುವುದು ಮೂರೇ ಪ್ರಶ್ನೆ. ಏನು ಮಾಡಿದರು, ಅಂದರೆ ಸೇರಿಸಿಕೊಂಡರಾ, ಕರೆದೊಯ್ದರಾ, ಇಟ್ಟುಕೊಂಡರಾ. ಹೇಗೆ ಮಾಡಿದರು, ಅಂದರೆ ಹೆದರಿಸಿಯೋ, ಸುಳ್ಳು ಹೇಳಿಯೋ, ಆಸೆ ತೋರಿಸಿಯೋ, ಕಷ್ಟದಲ್ಲಿದ್ದಾರೆ ಅನ್ನುವುದನ್ನೇ ಬಳಸಿಕೊಂಡೋ. ಯಾಕೆ ಮಾಡಿದರು, ಅಂದರೆ ಶೋಷಣೆಗಾ. ವಯಸ್ಸು 18ರ ಒಳಗೆ ಇದ್ದರೆ ಆ ಒಪ್ಪಂದದ ಪ್ರಕಾರ ಎರಡನೇ ಪ್ರಶ್ನೆ ಕೇಳುವ ಹಾಗೇ ಇಲ್ಲ. ಮಗುವಿಗೆ ಚಾಕಲೇಟ್ ಕೊಟ್ಟು ಕರೆದರಾ, ಎಳೆದುಕೊಂಡು ಹೋದರಾ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ನಮ್ಮಲ್ಲಿ ಹಳೇ ಐಪಿಸಿಯ 370ನೇ ಕಲಂ ಇತ್ತು, 2013ರಲ್ಲಿ ಅದನ್ನು ಇದೇ ಧಾಟಿಗೆ ತಿದ್ದಿದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಆಗಿದೆ. ಕನಿಷ್ಠ ಏಳು ವರ್ಷ ಶಿಕ್ಷೆ, ಮಗುವಾಗಿದ್ದರೆ ಕನಿಷ್ಠ ಹತ್ತು. ಅದರಲ್ಲಿ ಒಂದು ಸಾಲು ಇದೆ, ನನಗೆ ಬಹಳ ಇಷ್ಟ. ಹೋದವರು ಒಪ್ಪಿಯೇ ಹೋಗಿದ್ದರೂ ಅಪರಾಧ ಅಪರಾಧವೇ. "ಅವಳೇ ಬಂದಿದ್ದಳ್ರೀ, ನಾವೇನು ಎಳಕೊಂಡು ಬಂದೀವೇನು?" ಅಂತ ಎದುರು ಕಡೆಯವರು ಹೇಳಿದಾಗ ನಾನು ಈ ಸಾಲು ಓದುತ್ತೇನೆ.

ಇನ್ನೊಂದು ತಪ್ಪು ತಿಳಿವಳಿಕೆ. ಗಡಿ ದಾಟಿದರೆ ಮಾತ್ರ ಕಳ್ಳಸಾಗಣೆ ಅಂದುಕೊಂಡಿದ್ದೇವೆ. ಇಲ್ಲ. ರಾಣೇಬೆನ್ನೂರು ಕಡೆ ಬೀಜೋತ್ಪಾದನೆ ಮಾಡುತ್ತಾರೆ, ಹತ್ತಿಯ ಹೂ ಕೈಯಲ್ಲೇ ಬಿಡಿಸಿ ಕ್ರಾಸಿಂಗ್ ಮಾಡಬೇಕು, ಸಣ್ಣ ಬೆರಳು ಬೇಕು ಅಂತ ಹುಡುಗಿಯರನ್ನು ಕೇಳುತ್ತಾರೆ. ಪಕ್ಕದ ತಾಲೂಕಿನಿಂದ ಸಾಲಿ ಬಿಡಿಸಿ ತಂದು ಶೆಡ್ಡಿನಲ್ಲಿ ಇಟ್ಟರೂ ಅದು ಅದೇ. ಐವತ್ತು ಕಿಲೋಮೀಟರ್ ಸಾಕು.

ಈಗ ಅಡ್ವಾನ್ಸಿನ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಗಳಲ್ಲಿ ಬೀಗ ಹಾಕುವ ಕೆಲಸವನ್ನು ಜಾಸ್ತಿ ಮಾಡುವುದು ಇದೇ.

ಕಬ್ಬು ಕಡಿಯೋಕೆ ಹೋಗುವವರನ್ನು ನೋಡಿ. ದಸರಾ, ದೀಪಾವಳಿ ಹೊತ್ತಿಗೆ ತಾಂಡಾಗಳು ಖಾಲಿ ಆಗುತ್ತವೆ. ಬೆಳಗಾವಿ, ಬಾಗಲಕೋಟೆ, ಸಾಂಗ್ಲಿ, ಕೊಲ್ಹಾಪುರ. ತಿರುಗಿ ಬರುವುದು ಯುಗಾದಿ ಆಸುಪಾಸು. ಹೋಗುವ ಮೊದಲೇ, ಮಳೆಗಾಲದಲ್ಲಿ ಕೈ ಖಾಲಿ ಇದ್ದಾಗ, ಮುಕಾದಮ, ಅಂದರೆ ಕೂಲಿಗಳನ್ನು ಕರೆದೊಯ್ಯುವ ಮೇಸ್ತ್ರಿ, ಬಂದು ಜೋಡಿಗೆ ಇಷ್ಟು ಅಂತ ದುಡ್ಡು ಕೊಟ್ಟಿರುತ್ತಾನೆ. ಜೋಡಿ ಅಂದರೆ ಗಂಡ ಹೆಂಡತಿ. ಮಹಾರಾಷ್ಟ್ರದ ಕಡೆ ಇದನ್ನು ಕೊಯ್ತಾ ಅನ್ನುತ್ತಾರೆ, ಕಬ್ಬು ಕಡಿಯುವ ಕತ್ತಿಯ ಹೆಸರೇ ಇಬ್ಬರು ಮನುಷ್ಯರಿಗೆ. ಆ ದುಡ್ಡು ಆಸ್ಪತ್ರೆಗೋ, ಮದುವೆಗೋ, ಹಳೇ ಸಾಲಕ್ಕೋ ಆಗಲೇ ಖರ್ಚಾಗಿ ಹೋಗಿರುತ್ತದೆ. ಹೋಗಿ ಕಡಿದದ್ದು ಟನ್ನಿನ ಲೆಕ್ಕದಲ್ಲಿ ಜಮಾ ಆಗುತ್ತಾ ಬರುತ್ತದೆ, ಆದರೆ ತೂಕ ಮಾಡುವುದು ನಾವಲ್ಲ, ಬರೆದುಕೊಳ್ಳುವುದೂ ನಾವಲ್ಲ. ಒಂದು ದಿನ ರಜೆ ಮಾಡಿದರೆ ದಂಡ. ಸೀಸನ್ ಮುಗಿದಾಗ ಲೆಕ್ಕ ಹೇಳುತ್ತಾರೆ, ಇನ್ನೂ ಹದಿನೆಂಟು ಸಾವಿರ ನಿನ್ನ ಮೇಲೆ ಬಾಕಿ ಇದೆ, ಮುಂದಿನ ವರ್ಷ ಬಾ ಅಂತ.

ಆ ದಂಡದ ಬಗ್ಗೆ ಹೇಳಲೇಬೇಕು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸುಮಾರು 82,000 ಹೆಣ್ಣುಮಕ್ಕಳನ್ನು 2019ರಲ್ಲಿ ಅಲ್ಲಿನ ಸರ್ಕಾರದ ಸಮಿತಿ ವಿಚಾರಿಸಿತು. 13,000ಕ್ಕೂ ಜಾಸ್ತಿ ಜನರ ಗರ್ಭಕೋಶ ತೆಗೆದಿತ್ತು. ಮುಟ್ಟಿನ ದಿನ ಕೆಲಸ ತಪ್ಪಿದರೆ ದಂಡ, ಕಬ್ಬಿನ ಗದ್ದೆಯಲ್ಲಿ ಪಾಯಖಾನೆ ಇಲ್ಲ, ನೀರಿಲ್ಲ, ಹೊಟ್ಟೆನೋವು ಅಂತ ಹೋದರೆ ತೆಗೆಸಿಬಿಡು ಅನ್ನುವ ಡಾಕ್ಟರು, ಆಪರೇಷನ್ನಿಗೆ ಮತ್ತೆ ಮುಕಾದಮನ ಹತ್ತಿರವೇ ಸಾಲ. ಯಾರೂ ಅವರ ಕೈಕಾಲು ಕಟ್ಟಿರಲಿಲ್ಲ.

ಹೀಗೆ ಸಾಲಕ್ಕೆ ಮೈ ಅಡವಿಡುವುದಕ್ಕೆ ನಮ್ಮ ಭಾಷೆಯಲ್ಲಿ ಮೊದಲಿಂದಲೂ ಒಂದು ಪದ ಇದೆ, ಜೀತ. ಜೀತ ಅಂದರೆ ಗೌಡರ ಮನೆ ಕೊಟ್ಟಿಗೆ, ಹಳೇ ಕಾಲದ ಮಾತು ಅಂದುಕೊಂಡಿದ್ದೇವೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ತೆಗೆದು ಓದಿ. ಸಾಲ ತೀರುವ ತನಕ ಬೇರೆ ಕಡೆ ಕೆಲಸಕ್ಕೆ ಹೋಗುವ ಹಾಗಿಲ್ಲ, ಬೇರೆ ಊರಿಗೆ ಹೋಗುವ ಹಾಗಿಲ್ಲ, ಪೇಟೆಯಲ್ಲಿರುವ ಕೂಲಿ ಸಿಗುವುದಿಲ್ಲ ಅಂತಾದರೆ ಅದು ಜೀತ. ಕೊಟ್ಟಿಗೆ ಬೇಕಿಲ್ಲ. ಇಟ್ಟಂಗಿ ಭಟ್ಟಿ ಆದರೂ ಅಷ್ಟೆ, ಕಾಫಿ ತೋಟ ಆದರೂ ಅಷ್ಟೆ. ಕಾಯ್ದೆ ಪ್ರಕಾರ ಆ ಸಾಲ ಅಲ್ಲಿಗೇ ರದ್ದು, ಒಂದು ರೂಪಾಯಿ ಕೊಡಬೇಕಿಲ್ಲ. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡುವ ಭಾರವೂ ಸಾಲ ಕೊಟ್ಟವನ ಮೇಲೆಯೇ. 1982ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಕೇಸು ಅದು. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದಾನೆ ಅಂದರೆ ಹಸಿವು ಅವನನ್ನು ದೂಡಿದೆ ಅಂತಲೇ ಅರ್ಥ, ಅದು ಸಂವಿಧಾನದ 23ನೇ ವಿಧಿ ಬೇಡ ಅಂದಿರುವ ಬಲವಂತದ ದುಡಿಮೆಯೇ ಅಂತ ಹೇಳಿತು.

ಬಿಡಿಸಿ ತಂದರೆ ಎಸಿ ಸಾಹೇಬರು, ಅಂದರೆ ಉಪವಿಭಾಗಾಧಿಕಾರಿ, ಬಿಡುಗಡೆ ಪತ್ರ ಕೊಡಬೇಕು, ತಕ್ಷಣಕ್ಕೆ 30,000 ರೂಪಾಯಿವರೆಗೆ ಪರಿಹಾರ ಇದೆ, ಆಮೇಲೆ ಗಂಡಸಿಗೆ ಒಂದು ಲಕ್ಷ, ಹೆಂಗಸರಿಗೆ ಮಕ್ಕಳಿಗೆ ಎರಡು ಲಕ್ಷ, ಕಳ್ಳಸಾಗಣೆಯ ಘೋರ ಕೇಸುಗಳಲ್ಲಿ ಮೂರು ಲಕ್ಷ. ಆದರೆ ಆ ದೊಡ್ಡ ಮೊತ್ತವನ್ನು ಆರೋಪಿಗೆ ಶಿಕ್ಷೆ ಆಗುವುದಕ್ಕೆ ಗಂಟು ಹಾಕಿದ್ದಾರೆ. ನಮ್ಮ ಕೋರ್ಟುಗಳಲ್ಲಿ ಶಿಕ್ಷೆ ಆಗೋಕೆ ಎಷ್ಟು ವರ್ಷ ಬೇಕು ಅಂತ ನನ್ನ ಕೇಳಬೇಡಿ. ಅಷ್ಟರೊಳಗೆ ಆ ಮನುಷ್ಯ ಮತ್ತೊಂದು ಅಡ್ವಾನ್ಸ್ ತಗೊಂಡು ಮತ್ತೊಂದು ಭಟ್ಟಿಗೆ ಹೋಗಿರುತ್ತಾನೆ. ನಾನೇ ನೋಡಿದ್ದೇನೆ, ಅದೇ ಮನುಷ್ಯನನ್ನು ಎರಡು ಸಲ.

ಮದುವೆಗೆ ಒಮ್ಮೆಗೇ ಕೊಡುತ್ತೇವೆ ಅನ್ನುವ ಮಾತು ನಮ್ಮ ಚಿಗವ್ವನ ಮನೆಗೆ ಮಾತ್ರ ಬಂದದ್ದಲ್ಲ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ಸುಮಂಗಲಿ ಯೋಜನೆ ಅಂತಲೇ ಇತ್ತು, ಮೂರು ವರ್ಷ ಹಾಸ್ಟೆಲಿನಲ್ಲಿ ಇದ್ದು ದುಡಿದರೆ ಕೊನೆಗೆ ಇಡಿಗಂಟು. ಮಧ್ಯ ಬಿಟ್ಟು ಹೋದರೆ ಇಲ್ಲ. ಎಂಥ ಹೆಸರು ನೋಡಿ. ಪಗಾರ ತಿಂಗಳಿಗೊಮ್ಮೆ ಕೈಗೆ ಬರಬೇಕು, ನಿಮ್ಮ ಹೆಸರಿನ ಅಕೌಂಟಿಗೇ ಬರಬೇಕು. ಅಪ್ಪನ ಅಕೌಂಟಿಗಲ್ಲ, ಏಜೆಂಟನ ಅಕೌಂಟಿಗಂತೂ ಅಲ್ಲವೇ ಅಲ್ಲ. ಇಲ್ಲಿ ಕೂತ ಅಪ್ಪಂದಿರು ಮುಖ ಗಂಟು ಹಾಕಿದರೂ ಪರವಾಗಿಲ್ಲ.

ಕಾಲೇಜು ಹುಡುಗರೇ, ನೀವು ಇದೆಲ್ಲ ಕೂಲಿಯವರ ಸುದ್ದಿ ಅಂತ ಮೊಬೈಲ್ ನೋಡುತ್ತಿದ್ದೀರಿ. ಆ ಮೊಬೈಲಿಗೇ ಬರುತ್ತೇನೆ.

ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ಕಂಪ್ಯೂಟರ್ ಬಂದರೆ ಸಾಕು, ಊಟ ವಸತಿ ಉಚಿತ, ವೀಸಾ ಖರ್ಚು ಕಂಪನಿಯದೇ. ಇಂಥ ಮೆಸೇಜು ನಿಮ್ಮಲ್ಲಿ ಎಷ್ಟು ಜನರಿಗೆ ಬಂದಿದೆ? (ಹನ್ನೆರಡು ಹದಿಮೂರು ಕೈ ಎದ್ದವು. ನಾನು ಐದಾರು ಅಂದುಕೊಂಡಿದ್ದೆ.) ಬ್ಯಾಂಕಾಕಿಗೆ ವಿಮಾನ, ಅಲ್ಲಿಂದ ಕಾರಿನಲ್ಲಿ ಏಳೆಂಟು ತಾಸು ಮೇ ಸೋಟ್ ಅನ್ನುವ ಊರು, ಅಲ್ಲಿ ಮೊಯಿ ಅಂತ ಒಂದು ನದಿ. ಆಚೆ ದಂಡೆ ಮ್ಯಾನ್ಮಾರ್, ಮ್ಯಾವಾಡಿ. ನದಿ ದಾಟಿದ ಮೇಲೆ ಪಾಸ್‌ಪೋರ್ಟ್ ಕಸಿದುಕೊಳ್ಳುತ್ತಾರೆ. ಎತ್ತರದ ಗೋಡೆ, ಬಂದೂಕಿನ ಕಾವಲು, ದಿನಕ್ಕೆ ಹದಿನೈದು ಹದಿನಾರು ತಾಸು ಕೂತು ನಮ್ಮಂಥವರಿಗೇ ಮೆಸೇಜ್ ಕಳಿಸಿ ಮೋಸ ಮಾಡುವ ಕೆಲಸ. ಟಾರ್ಗೆಟ್ ಮುಟ್ಟದಿದ್ದರೆ ಹೊಡೆತ, ಕರೆಂಟ್ ಶಾಕ್. ಬಿಡಿಸಿಕೊಳ್ಳಬೇಕು ಅಂದರೆ ಲಕ್ಷಗಟ್ಟಲೆ ಕೊಡು. ಐಟಿ ಕಲಿತ ಹುಡುಗರನ್ನೇ ಗುರಿ ಮಾಡಿದ್ದಾರೆ ಅಂತ ನಮ್ಮ ವಿದೇಶಾಂಗ ಇಲಾಖೆ 2022ರಲ್ಲೇ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನ ಕಳಿಸಿ ಐನೂರಕ್ಕೂ ಜಾಸ್ತಿ ಜನರನ್ನು ಕರೆತಂದರು. ಬಂದವರ ಗತಿ ನೋಡಿ, ಇಲ್ಲಿಗೆ ಬಂದ ಮೇಲೆ ವಿಚಾರಣೆ. ನೀನೂ ಮೋಸ ಮಾಡಿದವನೇ ಅಲ್ವಾ ಅಂತ. ನಿಮ್ಮ ಮಾವನ ಅಕೌಂಟಿನಿಂದ ದುಡ್ಡು ಹೊಡೆದವನು ಒಬ್ಬ ಕಳ್ಳ ಅಂದುಕೊಂಡಿರುತ್ತೀರಿ, ಆ ಕಡೆ ಕೀಬೋರ್ಡ್ ಮುಂದೆ ಇದ್ದವನು ಯಾವುದೋ ಊರಿನ ಬಿಸಿಎ ಪಾಸಾದ, ಮೈಮೇಲೆ ಬಾಸುಂಡೆ ಇರುವ ಹುಡುಗ ಆಗಿರಬಹುದು.

ಹಾಗಾದರೆ ಫಾರಿನ್ನಿಗೆ ಹೋಗಲೇಬಾರದಾ? ಹೋಗಿ. ಆದರೆ ಒಂದು ಹೊತ್ತು ಕೂತು ನೋಡಿ. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟನಿಗೆ 1983ರ ವಲಸೆ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಇ-ಮೈಗ್ರೇಟ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇದ್ದವರ ಪಟ್ಟಿ ಇದೆ. ಇದ್ದರೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತಗೊಳ್ಳುವ ಹಾಗಿಲ್ಲ, ರಸೀದಿ ಕೊಡಬೇಕು. ಎರಡು ಲಕ್ಷ, ಮೂರು ಲಕ್ಷ ಕೈಗೆ ಕೊಟ್ಟು ಬಂದವರು ನನ್ನ ಆಫೀಸಿನಲ್ಲಿ ಕೂತು ರಸೀದಿ ಕೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ. ಹತ್ತನೇ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಅಂತ ಇರುತ್ತದೆ, ಅವರು ಸೌದಿ, ಕುವೈತ್, ದುಬೈ ಇರುವ ಯುಎಇ ಹೀಗೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಮೊದಲು ಅನುಮತಿ ತಗೊಳ್ಳಬೇಕು. ಅದು ಕಿರಿಕಿರಿ ಅಲ್ಲ, ನೀವು ಎಲ್ಲಿಗೆ ಯಾರ ಹತ್ತಿರ ಹೋದಿರಿ ಅಂತ ಒಂದು ಕಡೆ ಬರೆದಿಟ್ಟ ಹಾಗೆ, ಜೊತೆಗೆ ವಿಮೆಯೂ ಬರುತ್ತದೆ. ಅದನ್ನು ತಪ್ಪಿಸೋಕೆ ಏಜೆಂಟ್ ಒಂದು ಉಪಾಯ ಹೇಳುತ್ತಾನೆ: ಈಗ ವಿಸಿಟ್ ವೀಸಾದ ಮೇಲೆ ಹೋಗು, ಅಲ್ಲಿಗೆ ಹೋದ ಮೇಲೆ ಬದಲಾಯಿಸುತ್ತೇವೆ. ಈ ವಾಕ್ಯ ಕಿವಿಗೆ ಬಿದ್ದ ಕೂಡಲೇ ಎದ್ದು ಬನ್ನಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವವನು ಅಲ್ಲಿ ತಾನೇ ಅಪರಾಧಿ, ದೂರು ಕೊಡೋಕೂ ಹೋಗಲಾರ.

ಮಕ್ಕಳ ಬಗ್ಗೆ ಎರಡೇ ಮಾತು. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದ ಅಂತ ಹೆಮ್ಮೆ ಪಡುತ್ತೇವೆ. ಮನೆ ಬಿಟ್ಟು ಬಂದ ಮಗು ಅಲ್ಲಿ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಒಬ್ಬರಾದರೂ ಮಾತಾಡಿಸುತ್ತಾರೆ. ಮೊದಲು ಮಾತಾಡಿಸುವವರು ನಾವಾಗಬೇಕು. 1098ಕ್ಕೆ ಫೋನ್ ಮಾಡಿ, ದಿನದ ಯಾವ ಹೊತ್ತಾದರೂ. ಸಿಕ್ಕ ಮಗುವನ್ನು 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ತರಬೇಕು ಅಂತ ಕಾನೂನಿದೆ. ಪಾಪ ಅಂತ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಡಿ, ಅದೂ ತಪ್ಪೇ.

ಇನ್ನೊಂದು, ಇದನ್ನು ಹೇಳಿದರೆ ಕೆಲವರಿಗೆ ಚುಚ್ಚುತ್ತದೆ. ಹಾವೇರಿ, ಗದಗ ಕಡೆ ಹೊಲ ಮನೆ ಇರುವ ಹುಡುಗರಿಗೂ ಹೆಣ್ಣು ಸಿಗುತ್ತಿಲ್ಲ. ಮೂವತ್ತೈದು ದಾಟಿದೆ. ದೂರದ ರಾಜ್ಯದಿಂದ ಹೆಣ್ಣು ತರಿಸಿ ಕೊಡುತ್ತೇನೆ ಅನ್ನುವ ಬ್ರೋಕರ್ ಬರುತ್ತಾನೆ, ಖರ್ಚಿಗೆ ಅಂತ ಒಂದೂವರೆ, ಎರಡು ಲಕ್ಷ. ಆ ದುಡ್ಡು ಯಾರಿಗೆ ಹೋಯಿತು, ಆ ಹುಡುಗಿಗೆ ಏನಂತ ಹೇಳಿ ಕರೆತಂದರು, ಅವಳ ವಯಸ್ಸು ಎಷ್ಟು, ಅವಳ ಭಾಷೆಯಲ್ಲಿ ಅವಳ ಹತ್ತಿರ ಯಾರಾದರೂ ಮಾತಾಡಿದಿರಾ? ಅವಳು ಆರು ತಿಂಗಳಿಗೆ ಓಡಿಹೋದರೆ ಊರೆಲ್ಲ ಅವಳನ್ನೇ ಬೈಯುತ್ತದೆ. ನಮ್ಮ ಹುಡುಗಿಯರನ್ನು ಯಾರೋ ಮಾರಿದರು ಅಂತ ಅಳುವ ನಾವೇ ಇನ್ನೊಂದು ಊರಿನ ಹುಡುಗಿಯನ್ನು ಕೊಂಡುಕೊಳ್ಳುತ್ತಿದ್ದೇವೆ. (ಇಲ್ಲಿ ಸಭೆ ತಣ್ಣಗಾಯಿತು.)

ತಿರುಗಿ ಬಂದವರ ವಿಷಯಕ್ಕೆ ಬರುತ್ತೇನೆ. ಗೋವಾದ ವಾಸ್ಕೊದಲ್ಲಿ ಬಾಯ್ನಾ ಅಂತ ಒಂದು ಸಮುದ್ರ ದಂಡೆ. ಅಲ್ಲಿ ಮೈ ಮಾರುವ ಧಂದೆಯಲ್ಲಿ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳಿದ್ದರು, ದೇವದಾಸಿ ಅಂತ ಬಿಟ್ಟವರೂ ಇದ್ದರು. ದೇವದಾಸಿ ಬಿಡುವುದನ್ನು ನಮ್ಮ ರಾಜ್ಯ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿತ್ತು. 2004ರ ಮಳೆಗಾಲದಲ್ಲಿ ಬಾಯ್ನಾದ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ಧಂದೆ ನಿಂತಿತು ಅಂದರು. ಹೆಂಗಸರು ಎಲ್ಲಿಗೆ ಹೋಗಬೇಕು ಅಂತ ಯೋಚಿಸಿದವರು ಎಷ್ಟು ಜನ? ಊರಿಗೆ ಬಂದ ಒಬ್ಬಾಕೆ ನನಗೆ ಹೇಳಿದ್ದು ಇಷ್ಟೇ: "ಅಲ್ಲಿದ್ದಾಗ ರೊಕ್ಕ ಕಳಸ್ತಿದ್ದೆ, ಎಲ್ಲರೂ ಯಕ್ಕಾ ಅಂತಿದ್ರು. ಬಂದ ಮ್ಯಾಲ ನೀರಿನ ನಳಕ್ಕೂ ಕಡೀಕ ಪಾಳಿ." ಬರುವ ಬಸ್ಸು ಸಿಕ್ಕರೂ ಇಳಿಯೋಕೆ ಊರು ಇರಬೇಕಲ್ಲ. ಸಂತ್ರಸ್ತೆ, ಪುನರ್ವಸತಿ ಅಂತ ದೊಡ್ಡ ಪದಗಳಿವೆ, ನಳದ ಪಾಳಿಯನ್ನು ಸರಿಮಾಡುವುದು ಆ ಪದಗಳ ಕೆಲಸ ಅಲ್ಲ, ನಿಮ್ಮ ಓಣಿಯವರ ಕೆಲಸ.

ಹೊರಡುವವರು ಮನೆಯಲ್ಲಿ ಏನೇನು ಬಿಟ್ಟು ಹೋಗಬೇಕು ಅಂತ ಮಾಸ್ತರು ಕೇಳಿದ್ದಾರೆ. ಕರೆದುಕೊಂಡು ಹೋಗುವವನ ಫೋಟೊ ಮತ್ತು ಆಧಾರ್ ಕಾರ್ಡಿನ ಫೋಟೊ, ಕೊಡೋಕೆ ಒಪ್ಪದಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಕೆಲಸದ ಜಾಗದ ವಿಳಾಸ, ಬರೀ ಮಂಗಳೂರು ಅಂತಲ್ಲ, ಯಾವ ರಸ್ತೆ, ಯಾವ ಸೈಟು. ಎರಡು ಫೋನ್ ನಂಬರ್ ಬಾಯಿಪಾಠ ಇರಲಿ. ಈಗಿನವರಿಗೆ ಸ್ವಂತ ಅವ್ವನ ನಂಬರೂ ಗೊತ್ತಿಲ್ಲ, ಮೊಬೈಲ್ ಕಸಿದುಕೊಂಡರೆ ಮುಗಿಯಿತು. ಮನೆಯವರ ಜೊತೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಮ್ಮ ಪರಿಚಯದ ಹುಡುಗಿ ಒಬ್ಬಳು "ಕರಿ ಎಮ್ಮಿ ಈದೈತೇನು?" ಅಂತ ಕೇಳುತ್ತೇನೆ, ಕೇಳಿದರೆ ನಾನು ತ್ರಾಸಿನಲ್ಲಿದ್ದೇನೆ ಅಂತ ತಿಳಕೋ ಅಂತ ಅವ್ವನಿಗೆ ಹೇಳಿ ಹೋಗಿದ್ದಳು. ಅವರ ಮನೆಯಲ್ಲಿ ಎಮ್ಮೆಯೇ ಇಲ್ಲ.

ಆಮೇಲೆ ಆಧಾರ್. 2023ರ ಜೂನಿನಿಂದ ನಮ್ಮ ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಶಕ್ತಿ ಯೋಜನೆಯನ್ನು ಗೇಲಿ ಮಾಡುವವರು ಮಾಡಲಿ, ನನ್ನ ಕಣ್ಣಿಗೆ ಅದು ಬೇರೆಯೇ ಕಾಣುತ್ತದೆ. ಕೈಯಲ್ಲಿ ಒಂದು ರೂಪಾಯಿ ಇಲ್ಲದ ಹುಡುಗಿ ಬೆಂಗಳೂರಿನಿಂದ ಗದಗಿಗೆ ಬರಬಹುದು, ಆಧಾರ್ ಒಂದಿದ್ದರೆ. ಅದಕ್ಕೇ ಈಚೆಗೆ ಕೆಲವು ಮಾಲಕರು ಮೊದಲ ದಿನವೇ ವೆರಿಫಿಕೇಷನ್ ಅಂತ ಆಧಾರ್ ಇಸಿದುಕೊಂಡು ಕಪಾಟಿನಲ್ಲಿ ಇಡುತ್ತಾರೆ. ಝೆರಾಕ್ಸ್ ಕೊಡಿ, ಅಸಲು ಕೊಡಬೇಡಿ. ತೊಂದರೆ ಆದರೆ 112, ಹೆಂಗಸರಾದರೆ 181ಕ್ಕೂ ಮಾಡಬಹುದು.

ಮಾತು ಮುಗಿಸಿದ ಮೇಲೆ ಹಿಂದಿನಿಂದ ಒಬ್ಬರು ಎದ್ದರು. ಅರವತ್ತರ ಆಸುಪಾಸು, ಬಿಳಿ ಟೋಪಿ, ಮಗಳನ್ನು ಕರೆದುಕೊಂಡು ಹೋಗೋಕೆ ಬಂದವರು ಹಾಗೇ ಕೂತಿದ್ದರಂತೆ.

"ಮೇಡಮ್ಮರ, ನಾನೂ ಮುಕಾದಮ ಅದೇನ್ರೀ. ಇಪ್ಪತ್ತೆರಡು ಜೋಡಿ ಒಯ್ತೀನಿ. ನಾನೂ ಅಡ್ವಾನ್ಸ ಕೊಡ್ತೀನಿ. ಹೋದ ವರ್ಷ ಮೂರು ಜೋಡಿ ರೊಕ್ಕ ತಗೊಂಡು ಓಡಿಹೋದ್ರು, ಫ್ಯಾಕ್ಟರಿಗೆ ನಾ ಕೈಯಿಂದ ತುಂಬೇನಿ. ನನ್ನೂ ಕಳ್ಳ ಅಂತೀರೇನು?"

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಅವರು ಹೇಳಿದ್ದು ನಿಜ. ಫ್ಯಾಕ್ಟರಿಯವರು ಮುಕಾದಮನ ಹೆಸರಿಗೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ, ಕೆಳಗಿನವರು ಓಡಿದರೆ ಸಿಕ್ಕಿಬೀಳುವವನು ಅವನೇ. ನಾನು ಹೇಳಿದೆ, ಅಣ್ಣಾರ, ಅಡ್ವಾನ್ಸ್ ಕೊಟ್ಟ ಮಾತ್ರಕ್ಕೆ ಅಪರಾಧ ಅಲ್ಲ. ದುಡ್ಡು ಬಾಕಿ ಇದ್ದರೆ ಕೋರ್ಟಿಗೆ ಹಾಕಿ ಕೇಳಿ. ಮನುಷ್ಯನನ್ನು ಹಿಡಿದಿಟ್ಟುಕೊಳ್ಳಬೇಡಿ, ಅವನ ಮಗನನ್ನು ದುಡಿಸಿಕೊಳ್ಳಬೇಡಿ, ಜ್ವರ ಬಂದವನಿಗೆ ದಂಡ ಹಾಕಬೇಡಿ. ಮತ್ತೆ ಲೆಕ್ಕ ಇಬ್ಬರ ಹತ್ತಿರವೂ ಇರಲಿ, ದಿನದ್ದು ದಿನ ಬರೆದು ಸಹಿ ಮಾಡಿ.

"ಲೆಕ್ಕಾ ಐತ್ರೀ, ನಾ ಸುಳ್ಳ ಬರಿಯಂಗಿಲ್ಲ" ಅಂತ ಅಂಗಿಯ ಕಿಸೆಯಿಂದ ಸಣ್ಣ ನೋಟುಬುಕ್ಕು ತೆಗೆದು ಮುಂದೆ ಬಂದು ತೋರಿಸಿದರು. ನಿಜಕ್ಕೂ ಚೊಕ್ಕ ಲೆಕ್ಕ. ತಾರೀಖು, ಟನ್ನು, ಕೊಟ್ಟಿದ್ದು, ಉಳಿದಿದ್ದು. ಇಪ್ಪತ್ತೆರಡು ಹೆಸರು, ಒಂದರ ಕೆಳಗೆ ಒಂದು.

ಇವರೆಲ್ಲ ಗಂಡಸರಲ್ವಾ, ಹೆಂಗಸರ ಹೆಸರು ಎಲ್ಲಿದೆ ಅಂದೆ.

"ಜೋಡಿ ಅಂದ್ರ ಒಂದ ಅಲ್ಲೇನ್ರೀ?" ಅಂದರು ಅವರು, ನಿಜವಾಗಿಯೂ ಆಶ್ಚರ್ಯಪಟ್ಟು.

ಹಿಂದಿನ ಸಾಲಿನಲ್ಲಿ ಕೂತಿದ್ದ ಸಂಘದ ಹೆಣ್ಣುಮಕ್ಕಳೆಲ್ಲ ಒಮ್ಮೆಗೇ ಗೊಳ್ಳೆಂದು ನಕ್ಕರು. ಮುಕಾದಮರು ಬುಕ್ಕನ್ನು ಮತ್ತೊಮ್ಮೆ ಮೊದಲಿಂದ ನೋಡಿದರು, ಹಾಳೆ ತಿರುವಿದರು, ಆಮೇಲೆ ಪಕ್ಕದಲ್ಲಿದ್ದ ಮಗಳ ಹತ್ತಿರ ಪೆನ್ನು ಕೇಳಿದರು.